ಮುಚ್ಚಳದ ಕೆಳಗೆ ನಾಲ್ಕು ಆಸನ

ಆಡುವವಳು: ಟ್ಯಾಂಕನ್ನು ಮೇಜಿನ ಮೇಲಿಟ್ಟ ಮೇಲೆ ಅದರ ಒಳಗು ಯಾರಿಗೂ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ. ಮಿನಿಯೇಚರ್ ಯುದ್ಧದಾಟದವರಲ್ಲಿ ಮೂರಡಿ ನಿಯಮ ಅಂತ ಒಂದಿದೆ: ಮೂರು ಅಡಿ ದೂರದಿಂದ ಚೆನ್ನಾಗಿ ಕಂಡರೆ ಸಾಕು. ಬೊಂಬೆಗಳಿಗೆ ಬಣ್ಣ ಹಚ್ಚುವಾಗ, ಗುಡ್ಡ ಕೆತ್ತುವಾಗ, ಮರ ನೆಡುವಾಗ ನಾನು ಪಾಲಿಸುವುದು ಅದನ್ನೇ. ನೀನು ನೋಡಿದರೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸ್ಟುವರ್ಟ್ ಎಂಬ ಅಮೆರಿಕದ ಹಗುರ ಟ್ಯಾಂಕಿನೊಳಗೆ ಚಾಲಕನ ಸೀಟು, ಗೇರಿನ ಪೆಟ್ಟಿಗೆ, ಗುಂಡಿಡುವ ಗೂಡು ಎಲ್ಲವನ್ನೂ ಕಟ್ಟುತ್ತಿದ್ದೀಯ. ಯಾರಿಗಾಗಿ?

ಕಟ್ಟುವವ: ಮೊದಲು ನನಗಾಗಿ. ಹೊರಗಿನಿಂದ ನೋಡಿದರೆ ಸ್ಟುವರ್ಟ್ ಒಂದು ಆಕಾರ, ಅಷ್ಟೆ. ಅದರೊಳಗೆ ನಾಲ್ಕು ಜನ ಕೂರಬೇಕು. ಯಾರ ಮೊಣಕೈ ಯಾರಿಗೆ ತಾಗುತ್ತದೆ, ಗುಂಡು ತುಂಬುವವನು ಎತ್ತ ತಿರುಗಿ ತುಂಬುತ್ತಾನೆ, ಬೆಂಕಿ ಬಿದ್ದರೆ ಚಾಲಕ ಯಾವ ದಾರಿಯಲ್ಲಿ ಹೊರಬೀಳಬೇಕು, ಇದನ್ನೆಲ್ಲ ಪುಸ್ತಕದಿಂದ ಒಂದು ಮಟ್ಟಕ್ಕೆ ತಿಳಿಯಬಹುದು. ಸ್ಟೈರೀನ್ ಹಾಳೆಯಿಂದ ಆಸನ ಕತ್ತರಿಸಿ ಆ ಇಕ್ಕಟ್ಟಿನಲ್ಲಿ ಕೂರಿಸಲು ಹೋದಾಗ ತಿಳಿಯುವುದೇ ಬೇರೆ. ಕೈಗೆ ಮೊದಲು ತಿಳಿಯುತ್ತದೆ, ಆಮೇಲೆ ತಲೆಗೆ.

ಆಡುವವಳು: ಹಾಗಿದ್ದರೆ ದೊಡ್ಡ ಅಳತೆಯಲ್ಲಿ ಕಟ್ಟು. 1/35ರಲ್ಲಿ ಒಳಾಂಗಣ ಸಮೇತ ಬರುವ ಕಿಟ್‌ಗಳಿವೆ, ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಆಟದ ಟ್ಯಾಂಕು 1/56. ಅದನ್ನು ಎತ್ತುತ್ತಾರೆ, ಇಡುತ್ತಾರೆ, ಡಬ್ಬದಲ್ಲಿ ತುಂಬಿ ಊರೂರು ಒಯ್ಯುತ್ತಾರೆ. ಅದರೊಳಗಿನ ಕೂದಲೆಳೆಯಂಥ ಲಿವರ್ ಎಷ್ಟು ದಿನ ಉಳಿದೀತು?

ಕಟ್ಟುವವ: ಗಾಜಿನ ಪೆಟ್ಟಿಗೆಯಲ್ಲಿರುವುದು ಏನನ್ನೂ ಮಾಡುವುದಿಲ್ಲ. ಆಟದ ಟ್ಯಾಂಕು ತೀರ್ಮಾನ ತೆಗೆದುಕೊಳ್ಳುತ್ತದೆ: ಮುಂದೆ ಹೋಗುತ್ತದೆ, ನಿಲ್ಲುತ್ತದೆ, ಗುಂಡು ಹಾರಿಸುತ್ತದೆ. ತೀರ್ಮಾನ ತೆಗೆದುಕೊಳ್ಳುವ ವಸ್ತುವಿನ ಒಳಗೆ ಏನಿದೆ ಎಂದು ಗೊತ್ತಿರಬೇಕಲ್ಲವೇ? ಗಟ್ಟಿತನದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ದಾರಿಗಳಿವೆ.

ಆಡುವವಳು: ಸ್ಟುವರ್ಟೇ ಯಾಕೆ? ಶೆರ್ಮನ್ ಟ್ಯಾಂಕಿನ ಒಳಗೆ ಜಾಗವೂ ಹೆಚ್ಚು, ಚಿತ್ರಗಳೂ ಹೆಚ್ಚು.

ಕಟ್ಟುವವ: ಜೋಜಿ ಲಾ ಕಣಿವೆಯ ಕಾಳಗದ ಕಾರಣಕ್ಕೆ. ಭಾರತ-ಪಾಕಿಸ್ತಾನದ ನಡುವಿನ ಮೊದಲ ಕಾಶ್ಮೀರ ಯುದ್ಧ. 1948ರ ನವೆಂಬರ್ 1. ಶ್ರೀನಗರದಿಂದ ಲಡಾಖಿಗೆ ಹೋಗುವ ಆ ಕಣಿವೆ ಸಮುದ್ರಮಟ್ಟದಿಂದ 3,500 ಮೀಟರ್ ಎತ್ತರದಲ್ಲಿದೆ. ಸೆಪ್ಟೆಂಬರಿನಲ್ಲಿ 77 ಪ್ಯಾರಾಷೂಟ್ ಬ್ರಿಗೇಡ್ ಮಾಡಿದ ದಾಳಿ ಫಲಿಸಲಿಲ್ಲ. ಬಂಡೆಗಳ ನಡುವೆ ಕೂತ ಮೆಷಿನ್‌ಗನ್‌ಗಳು ಕಾಲಾಳುಗಳನ್ನು ತಡೆದು ನಿಲ್ಲಿಸಿಬಿಟ್ಟವು. ಆಗ ಅಲ್ಲಿಗೆ ಟ್ಯಾಂಕುಗಳನ್ನೇ ಒಯ್ಯುವ ಯೋಚನೆ ಬಂತು. ವಿಭಾಗದ ದಂಡನಾಯಕ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ, ಅವರ ಮೇಲಿದ್ದವರು ಅದೇ ಕೊಡಗಿನ ಕಾರ್ಯಪ್ಪ. ಟ್ಯಾಂಕುಗಳು 7 ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯುವಂಥವಲ್ಲ. ಅದಕ್ಕೇ ಟರೆಟ್, ಅಂದರೆ ಫಿರಂಗಿ ಇರುವ ಮೇಲಿನ ತಿರುಗುವ ಗೋಪುರ, ಬಿಚ್ಚಿ, ಹಗುರ ಮಾಡಿ, ಗುಟ್ಟಾಗಿ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ದಾರಿಯನ್ನು ಜೀಪು ಹೋಗುವ ದಾರಿ ಮಾಡಿದವರು ಸೇನೆಯ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಬೆಂಗಳೂರಿನ ಹಲಸೂರಿನಲ್ಲಿದೆ.

ಆಡುವವಳು: ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರಂತೆ.

ಕಟ್ಟುವವ: ಹಾಗೆಂದೇ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಎಲ್ಲಿ ಕೂತಿದ್ದರು? ಸ್ಟುವರ್ಟ್‌ನಲ್ಲಿ ಇರುವುದು ನಾಲ್ಕೇ ಜಾಗ. ಮುಂದೆ ಚಾಲಕ, ಅವನ ಪಕ್ಕ ಸಹಚಾಲಕ. ಸಹಚಾಲಕನ ಕೈಯಲ್ಲಿ ಒಂದು ಮೆಷಿನ್‌ಗನ್ನೂ ಇರುತ್ತದೆ. ಮೇಲೆ ಟರೆಟ್ಟಿನಲ್ಲಿ ಗನ್ನರ್ ಮತ್ತು ಕಮಾಂಡರ್. ಐದನೆಯವರಿಗೆ ಜಾಗವಿಲ್ಲ. ಜನರಲ್ ಒಬ್ಬರು ಒಳಗೆ ಬಂದರೆ ಯಾರೋ ಒಬ್ಬ ಹೊರಗಿಳಿಯಬೇಕು, ಇಲ್ಲವೇ ಜನರಲ್ ಹೊರಗೆ ಉಕ್ಕಿಗೆ ಅಂಟಿಕೊಂಡು ಹೋಗಬೇಕು. ಎರಡರಲ್ಲಿ ಯಾವುದಾದರೂ ಅದು ಧೈರ್ಯದ ಕತೆಯೇ. ಆದರೆ ಎರಡೂ ಒಂದೇ ಧೈರ್ಯವಲ್ಲ.

ಆಡುವವಳು: ಸರಿ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕಟ್ಟುವುದು ಹೇಗೆ, ಅದನ್ನು ಹೇಳು.

ಕಟ್ಟುವವ: ಮೊದಲ ಶತ್ರು ಗೋಡೆ. ಸ್ಟುವರ್ಟಿನ ಬದಿಯ ಉಕ್ಕು ಹೆಚ್ಚುಕಡಿಮೆ ಒಂದು ಇಂಚು ದಪ್ಪ. 1/56ರಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಗೋಡೆ ಒಂದೂವರೆ ಮಿಲಿಮೀಟರ್ ಇರುತ್ತದೆ, ಅಂದರೆ ನಿಜದ ಲೆಕ್ಕದಲ್ಲಿ 84 ಮಿಲಿಮೀಟರ್ ದಪ್ಪದ ಕವಚ. ಕಿಟ್ ತಯಾರಿಸುವವರು ಹಗುರ ಟ್ಯಾಂಕಿಗೆ ಭಾರಿ ಟ್ಯಾಂಕಿನ ಚರ್ಮ ಹೊದಿಸಿರುತ್ತಾರೆ. ಎರಡು ಬದಿ ಸೇರಿ ಒಳಗಿನ ಅಗಲದಲ್ಲಿ ಎರಡು ಮಿಲಿಮೀಟರ್ ನಷ್ಟ. ಅದನ್ನು ದೊಡ್ಡದು ಮಾಡಿದರೆ 11 ಸೆಂಟಿಮೀಟರ್. ಮೊದಲೇ ಇಕ್ಕಟ್ಟಾದ ಕಡೆ 11 ಸೆಂಟಿಮೀಟರ್ ಹೋದರೆ ಏನಾಗುತ್ತದೆ ಅಂತ ಯೋಚಿಸು.

ಆಡುವವಳು: ಗೋಡೆಯನ್ನು ಒಳಗಿನಿಂದ ಹೆರೆಯುತ್ತೀಯಾ?

ಕಟ್ಟುವವ: ಎಲ್ಲ ಕಡೆ ಅಲ್ಲ. ಪೂರ್ತಿ ಹೆರೆದರೆ ಗೋಡೆ ಬಾಗುತ್ತದೆ, ಆಟದಲ್ಲಿ ಒಡೆಯುತ್ತದೆ. ಕಣ್ಣಿಗೆ ದಪ್ಪ ಗೊತ್ತಾಗುವುದು ಅಂಚಿನಲ್ಲಿ ಮಾತ್ರ: ಹ್ಯಾಚಿನ ಬಾಯಿ, ಟರೆಟ್ಟಿನ ಉಂಗುರ, ಚಾಲಕನ ಮುಚ್ಚಳದ ತೂತು. ಅಲ್ಲಿ ಒಳಬದಿಯಿಂದ ಓರೆಯಾಗಿ ಕೊರೆದು, ಹೊರಗೆ ಕಾಣುವ ತುಟಿಯನ್ನು ಅರ್ಧ ಮಿಲಿಮೀಟರಿಗೆ ಇಳಿಸಬೇಕು. ಬಾಗಿದ ಬ್ಲೇಡಿನಿಂದ ನಿಧಾನವಾಗಿ ಕೆರೆಯುವುದು, ಆಮೇಲೆ ಸಣ್ಣ ಅರ. ಅಂಚು ತೆಳುವಾಗಿ ಕಂಡರೆ ಹಿಂದಿನ ಗೋಡೆಯೂ ತೆಳುವೇ ಎಂದು ಕಣ್ಣು ನಂಬುತ್ತದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ. ಹೊಸಬರು ಇದನ್ನು ಬಿಟ್ಟು ನೇರ ಸೀಟು ಕಟ್ಟಲು ಕೂರುತ್ತಾರೆ. ಸೀಟು ಎಷ್ಟು ಚೆಂದ ಬಂದರೂ ಅದು ಪ್ಲಾಸ್ಟಿಕ್ ಡಬ್ಬದೊಳಗಿನ ಸೀಟಾಗಿಯೇ ಉಳಿಯುತ್ತದೆ.

ಆಡುವವಳು: ಅಳತೆ ಎಲ್ಲಿಂದ ತರುತ್ತೀಯ?

ಕಟ್ಟುವವ: ಅಮೆರಿಕದ ಸೇನೆ ಆ ಕಾಲದಲ್ಲಿ ಅಚ್ಚು ಹಾಕಿಸಿದ ದುರಸ್ತಿ ಕೈಪಿಡಿಗಳು ಉಳಿದಿವೆ. ಅವುಗಳ ರೇಖಾಚಿತ್ರಗಳು ಬಲು ಸೊಗಸು. ಫೋಟೋದಲ್ಲಿ ನೆರಳು ನುಂಗಿದ್ದನ್ನು ರೇಖೆ ಬಿಡಿಸಿ ತೋರಿಸುತ್ತದೆ. ಚಿತ್ರದಿಂದ ನೇರ ಪ್ಲಾಸ್ಟಿಕ್ಕಿಗೆ ಹೋಗಬಾರದು. ಮೊದಲು ಡ್ರಾಯಿಂಗ್ ಹಾಳೆಯಲ್ಲಿ ನೆಲ, ಗೋಡೆ, ಎಂಜಿನ್ನಿನ ಮುಂದಿನ ಅಡ್ಡಗೋಡೆ ಕತ್ತರಿಸಿ, ಅಂಟು ಹಾಕದೆ ಕೂರಿಸಿ ನೋಡಬೇಕು. ಕಾಗದ ಸುಳ್ಳು ಹೇಳುವುದಿಲ್ಲ. ಚಿತ್ರದಲ್ಲಿ ಆರಾಮವಾಗಿ ಕೂತಿದ್ದ ಪೆಟ್ಟಿಗೆ ಇಲ್ಲಿ ಚಾಲಕನ ಮೊಣಕಾಲಿಗೆ ತಗುಲುತ್ತದೆ. ಅಲ್ಲಿಂದ ರಾಜಿ ಶುರು.

ಆಡುವವಳು: ರಾಜಿ ಅಂದರೆ ಅಳತೆಯಲ್ಲಿ ಮೋಸ.

ಕಟ್ಟುವವ: ಮೋಸ ಅನ್ನಬೇಡ, ಆಯ್ಕೆ. ನಿಜದ ಟ್ಯಾಂಕಿನಲ್ಲಿ ಇರುವುದನ್ನೆಲ್ಲ ಇಲ್ಲಿ ತುಂಬಿದರೆ ಬರೀ ಸಂತೆಯಾಗುತ್ತದೆ, ಏನೂ ಓದಲು ಬರುವುದಿಲ್ಲ. ಮನುಷ್ಯನ ಮೈಗೆ ತಾಗುವ ವಸ್ತುಗಳನ್ನು ಉಳಿಸಿಕೊಳ್ಳುತ್ತೇನೆ: ಆಸನ, ಲಿವರ್, ಪೆಡಲ್, ಫಿರಂಗಿಯ ಹಿಂಬದಿ, ಗುಂಡಿನ ಗೂಡು, ವೈರ್‌ಲೆಸ್ ಸೆಟ್. ಯಾರೂ ಮುಟ್ಟದ ಪೈಪು, ತಂತಿ, ಬೋಲ್ಟುಗಳಲ್ಲಿ ಹತ್ತರಲ್ಲಿ ಎರಡು ಸಾಕು. ಹಿಂದಿನ ಎಂಜಿನ್ ಕೋಣೆಯನ್ನು ಕಟ್ಟುವುದೇ ಇಲ್ಲ. ಅಡ್ಡಗೋಡೆ ಹಾಕಿ ಮುಚ್ಚಿಬಿಡುತ್ತೇನೆ.

ಆಡುವವಳು: ಎಂಜಿನ್ ಬಿಡುತ್ತೀಯಾ? ಯಂತ್ರದ ಹೃದಯವನ್ನೇ?

ಕಟ್ಟುವವ: ಅಲ್ಲಿ ಯಾರೂ ಕೂರುವುದಿಲ್ಲ. ಆದರೆ ಎಂಜಿನ್ನಿನಿಂದ ಮುಂದಕ್ಕೆ ಬರುವ ಶಾಫ್ಟ್‌ಗಳನ್ನು ಬಿಡುವ ಹಾಗಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಎಂ3 ಸ್ಟುವರ್ಟ್‌ನಲ್ಲಿ ವಿಮಾನಕ್ಕೆಂದು ಮಾಡಿದ ಕಾಂಟಿನೆಂಟಲ್ ರೇಡಿಯಲ್ ಎಂಜಿನ್ ಇತ್ತು. ಸಿಲಿಂಡರುಗಳು ಸುತ್ತಲೂ ಹರಡಿರುವುದರಿಂದ ಅದರ ನಡುದಂಡ ಎತ್ತರದಲ್ಲಿ ಬರುತ್ತದೆ. ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ. ಎರಡನ್ನೂ ಸೇರಿಸುವ ಶಾಫ್ಟ್ ಸೈನಿಕರು ನಿಲ್ಲುವ ಜಾಗದ ನಟ್ಟನಡುವೆ ಹಾದುಹೋಗುತ್ತಿತ್ತು, ಕೋಣೆಯ ನಡುವೆ ತೊಲೆ ಮಲಗಿಸಿದ ಹಾಗೆ. ಟರೆಟ್ ತಿರುಗಿದಂತೆ ಒಳಗಿನವರು ಅದನ್ನು ದಾಟಿ ದಾಟಿ ಹೆಜ್ಜೆ ಇಡಬೇಕಿತ್ತು. ಎಂ5ಕ್ಕೆ ಬಂದಾಗ ರೇಡಿಯಲ್ ಹೋಗಿ ಎರಡು ಕ್ಯಾಡಿಲಾಕ್ ವಿ8 ಕಾರಿನ ಎಂಜಿನ್‌ಗಳು ಬಂದವು, ಜೊತೆಗೆ ಹೈಡ್ರಾಮ್ಯಾಟಿಕ್ ಗೇರ್. ಶಾಫ್ಟ್‌ಗಳು ನೆಲಕ್ಕೆ ಇಳಿದವು. ಅವುಗಳ ಮೇಲೆ ಟರೆಟ್ಟಿಗೆ ಜೋತುಬಿದ್ದ ಬುಟ್ಟಿ, ಅದರಲ್ಲಿ ಇಬ್ಬರು, ಟರೆಟ್ ತಿರುಗಿದರೆ ಅವರೂ ಜೊತೆಗೇ ತಿರುಗುತ್ತಾರೆ. ಹೊರಗಿನಿಂದ ನೋಡುವವರಿಗೆ ಎಂ3 ಮತ್ತು ಎಂ5 ನಡುವಿನ ವ್ಯತ್ಯಾಸ ಅಂದರೆ ಮುಂಭಾಗದ ಇಳಿಜಾರು ಮತ್ತು ಎತ್ತರಿಸಿದ ಹಿಂಭಾಗ. ಒಳಗಿದ್ದವರಿಗೆ ಅದು ಕಾಲಿಡುವ ಜಾಗದ ವ್ಯತ್ಯಾಸ. ಜೋಜಿ ಲಾಗೆ ಹೋದದ್ದು ಎಂ5 ಕುಟುಂಬದವು.

ಆಡುವವಳು: ಬುಟ್ಟಿ ಟರೆಟ್ಟಿಗೆ ಸೇರಿದ್ದಾದರೆ ಮಾದರಿಯಲ್ಲೂ ಟರೆಟ್ ಎತ್ತಿದಾಗ ಅದು ಮೇಲೆ ಬರಬೇಕು.

ಕಟ್ಟುವವ: ಬರುತ್ತದೆ. ಅದೇ ಅನುಕೂಲ. ನಾನು ಎರಡು ಬೇರೆ ಬೇರೆ ಒಳಾಂಗಣ ಕಟ್ಟುತ್ತೇನೆ. ಒಂದು ಟ್ಯಾಂಕಿನ ಒಡಲಿನೊಳಗೆ: ಚಾಲಕರಿಬ್ಬರು, ಶಾಫ್ಟ್, ಬದಿಯ ಗೂಡುಗಳು. ಇನ್ನೊಂದು ಟರೆಟ್ಟಿನಿಂದ ಇಳಿಬಿದ್ದ ಬುಟ್ಟಿ. ಬುಟ್ಟಿಯ ಕಂಬಗಳಿಗೆ ಗಿಟಾರಿನ ತಂತಿ ಹಾಕುತ್ತೇನೆ. ಪ್ಲಾಸ್ಟಿಕ್ ಕಡ್ಡಿ ಹಾಕಿದರೆ ಎತ್ತುವಾಗ ಮುರಿಯುತ್ತದೆ, ತಾಮ್ರದ ತಂತಿ ಬಾಗುತ್ತದೆ. ಟರೆಟ್ ಕೂರುವ ಉಂಗುರದಲ್ಲಿ ಸಣ್ಣ ನಿಯೋಡಿಮಿಯಂ ಅಯಸ್ಕಾಂತ. ಗಟ್ಟಿತನದ ಪ್ರಶ್ನೆ ಕೇಳಿದೆಯಲ್ಲ, ಉತ್ತರ ಇದರಲ್ಲಿದೆ: ಕೈ ತಾಗುವ ಕಡೆ ಲೋಹ, ಕಣ್ಣು ಮಾತ್ರ ತಾಗುವ ಕಡೆ ಪ್ಲಾಸ್ಟಿಕ್.

ಆಡುವವಳು: ಉಂಗುರ ಎಷ್ಟು ಅಗಲ?

ಕಟ್ಟುವವ: ನಿಜದಲ್ಲಿ 1.2 ಮೀಟರಿಗೆ ಹತ್ತಿರ. ನಮ್ಮಲ್ಲಿ 21 ಮಿಲಿಮೀಟರ್, ಒಂದು ಸಣ್ಣ ನಾಣ್ಯದಷ್ಟು. ಈಗ ನಿನ್ನ ಬೊಂಬೆಗಳ ಕಡೆ ಬರೋಣ. 28 ಮಿಲಿಮೀಟರ್ ಬೊಂಬೆಗಳಿಗೆ ತಲೆ ದೊಡ್ಡದು, ಕೈ ದೊಡ್ಡದು, ಹೆಗಲು ಅಗಲ. ಮೂರಡಿಯಿಂದ ಕಾಣಲಿ ಅಂತಲೇ ಹಾಗೆ ಮಾಡುತ್ತಾರೆ. ಮನುಷ್ಯನ ಹೆಗಲು 45 ಸೆಂಟಿಮೀಟರ್ ಅಂದುಕೊಂಡರೆ ಈ ಅಳತೆಯಲ್ಲಿ ಎಂಟು ಮಿಲಿಮೀಟರ್ ಬರಬೇಕು. ಆಟದ ಬೊಂಬೆಯ ಹೆಗಲು ಹತ್ತು, ಹನ್ನೊಂದು ಇರುವುದುಂಟು. ಅಂಥ ಇಬ್ಬರನ್ನು ಅಕ್ಕಪಕ್ಕ ಕೂರಿಸಿದರೆ ಉಂಗುರವೇ ತುಂಬಿತು. ನಡುವೆ 37 ಮಿಲಿಮೀಟರ್ ಫಿರಂಗಿಯ ಹಿಂಬದಿ ಎಲ್ಲಿ ಇಡುವುದು?

ಆಡುವವಳು: ಹಾಗಾದರೆ ಬೊಂಬೆ ಬೇಡ, ಖಾಲಿ ಬಿಡು.

ಕಟ್ಟುವವ: ಖಾಲಿ ಬಿಟ್ಟರೆ ಇಡೀ ಕೆಲಸ ವ್ಯರ್ಥ. ಅಲ್ಲಿ ಜನ ಇದ್ದರು ಎಂಬುದಕ್ಕೇ ನಾನು ಇದನ್ನು ಕಟ್ಟುತ್ತಿರುವುದು. ನಾಲ್ವರನ್ನೂ ಮಿಲಿಪುಟ್ ಎಂಬ ಎಪಾಕ್ಸಿ ಪುಟ್ಟಿ ಮೆತ್ತಿ ಕೈಯಲ್ಲೇ ಮಾಡಿದೆ. ತಂತಿಯ ಎಲುಬು, ಅದರ ಮೇಲೆ ಮೈ, ಆಮೇಲೆ ಕೋಟು. ನವೆಂಬರಿನಲ್ಲಿ, ಆ ಎತ್ತರದಲ್ಲಿ, ಹಿಮ ಬೀಳುತ್ತಿರುವಾಗ ಯಾರೂ ಬರೀ ಅಂಗಿಯಲ್ಲಿ ಕೂತಿರಲಾರರು. ದಪ್ಪ ಬಟ್ಟೆ ತೊಡಿಸಿದ ಕೂಡಲೇ ಜಾಗ ಮತ್ತೂ ಕಡಿಮೆಯಾಯಿತು. ಇದೇ ನಾನು ಹೇಳುತ್ತಿರುವುದು. ಚಳಿಗಾಲದ ಕೋಟು ಟ್ಯಾಂಕಿನೊಳಗಿನ ಯುದ್ಧವನ್ನು ಬದಲಿಸುತ್ತದೆ ಎಂದು ಯಾವ ನಿಯಮಪುಸ್ತಕದಲ್ಲೂ ನಾನು ಓದಿಲ್ಲ. ಬೆರಳಿನ ತುದಿಯಲ್ಲಿ ಮೆತ್ತುವಾಗ ಅದು ಗೊತ್ತಾಗುತ್ತದೆ.

ಆಡುವವಳು: ನಿಯಮಪುಸ್ತಕ ಎಲ್ಲವನ್ನೂ ಹೇಳಲಾಗದು. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬೇಕು. ಒಬ್ಬನೇ ಕೂರುವ ಟರೆಟ್ಟಿಗೆ ಬೋಲ್ಟ್ ಆಕ್ಷನ್ ಆಟದಲ್ಲಿ ತೊಡಕು ಇಟ್ಟಿದ್ದಾರೆ. 1940ರ ಫ್ರೆಂಚ್ ಟ್ಯಾಂಕು ಆರ್35 ಆಡಿಸುವಾಗ ಅದು ಕಾಡುತ್ತದೆ. ಗುರಿ ಹುಡುಕುವವನೂ ಅವನೇ, ತುಂಬುವವನೂ ಅವನೇ, ಹಾರಿಸುವವನೂ ಅವನೇ. ಹಾಗಾಗಿ ನಿಧಾನ. ಸ್ಟುವರ್ಟ್‌ನಲ್ಲಿ ಇಬ್ಬರು, ಆ ತೊಡಕಿಲ್ಲ.

ಕಟ್ಟುವವ: ಇಬ್ಬರಲ್ಲಿ ಒಬ್ಬ ಗನ್ನರ್, ಕಣ್ಣು ದೂರದರ್ಶಕದಲ್ಲಿ. ಇನ್ನೊಬ್ಬ ಕಮಾಂಡರ್. ಗುಂಡು ತುಂಬುವವನು ಯಾರು?

ಆಡುವವಳು: ಕಮಾಂಡರೇ.

ಕಟ್ಟುವವ: ಹ್ಯಾಚಿನಿಂದ ತಲೆ ಹೊರಗಿಟ್ಟು ನೋಡುತ್ತಿರುವವನು ಕೆಳಗಿಳಿದು, ಬಾಗಿ, ಗೂಡಿನಿಂದ ಗುಂಡು ಎಳೆದು, ಹಿಂಬದಿಗೆ ತಳ್ಳಿ, ಮತ್ತೆ ಏಳಬೇಕು. ಅಷ್ಟು ಹೊತ್ತು ಟ್ಯಾಂಕಿಗೆ ಕಣ್ಣಿಲ್ಲ. ಅವನ ಬೊಂಬೆಯನ್ನು ನಾನು ಎರಡು ಭಂಗಿಯಲ್ಲಿ ಮಾಡಿಟ್ಟಿದ್ದೇನೆ, ನಿಂತದ್ದು ಒಂದು, ಬಾಗಿದ್ದು ಒಂದು. ಬದಲಾಯಿಸಬಹುದು. ಗುಂಡು ತುಂಬುವ ಸರದಿಯಲ್ಲಿ ಬಾಗಿದ್ದನ್ನು ಇಡು. ಹ್ಯಾಚ್ ಖಾಲಿ ಕಾಣುತ್ತದೆ. ಎದುರಾಳಿಗೂ ಗೊತ್ತಾಗುತ್ತದೆ: ಈಗ ಇವರು ಕುರುಡರು.

ಆಡುವವಳು: ಇದು ಚೆನ್ನಾಗಿದೆ. ಇದನ್ನು ಆಡಬಹುದು.

ಕಟ್ಟುವವ: ಇನ್ನೂ ಇದೆ. ಫಿರಂಗಿ ಮೇಲೆ ಕೆಳಗೆ ಆಡುವ ಹಾಗೆ ಮಾಡಿದ್ದೇನೆ. ನಳಿಗೆ ಮೇಲೆದ್ದರೆ ಹಿಂಬದಿ ಇಳಿಯುತ್ತದೆ. ಇಳಿದದ್ದಕ್ಕೆ ಒಳಗೆ ಜಾಗ ಬೇಕು. ಮೇಲ್ಛಾವಣಿ ಒಂದು ಕಡೆ, ಬುಟ್ಟಿ ಇನ್ನೊಂದು ಕಡೆ. ನಳಿಗೆ ಏಳುವುದು 20 ಡಿಗ್ರಿಯವರೆಗೆ ಮಾತ್ರ. ನೀನು ಆಡಿಸುವುದು ಬೆಟ್ಟದ ಕಣಿವೆಯ ಯುದ್ಧ. ಬಂಕರುಗಳು ಇರುವುದು ಮೇಲೆ. 20 ಡಿಗ್ರಿ ಅಂದರೆ ಲೆಕ್ಕ ಹೀಗೆ: ಗುರಿ ನೂರು ಮೀಟರ್ ಮೇಲಿದ್ದರೆ ಸಮನೆಲದ ಟ್ಯಾಂಕು ಅದರ ಬುಡದಿಂದ 275 ಮೀಟರ್ ಹಿಂದೆ ನಿಂತಿರಬೇಕು. ಅದಕ್ಕಿಂತ ಹತ್ತಿರ ಹೋದರೆ ಗುರಿ ಕಣ್ಣಿಗೆ ಕಾಣುತ್ತದೆ, ಗುಂಡು ಮಾತ್ರ ತಲುಪುವುದಿಲ್ಲ.

ಆಡುವವಳು: ತಾಳು. ನಮ್ಮ ಆಟದಲ್ಲಿ ಕಂಡದ್ದಕ್ಕೆಲ್ಲ ಹೊಡೆಯಬಹುದು. ಮೇಜಿನ ಮೇಲೆ 15 ಸೆಂಟಿಮೀಟರ್ ಎತ್ತರದ ಗುಡ್ಡ ಇದ್ದರೆ...

ಕಟ್ಟುವವ: 41 ಸೆಂಟಿಮೀಟರ್ ದೂರ ಬೇಕು. ಟ್ಯಾಂಕು ತಾನೇ ಇಳಿಜಾರಿನಲ್ಲಿ ಮೂಗು ಮೇಲೆ ಮಾಡಿ ನಿಂತಿದ್ದರೆ ಅಷ್ಟು ಬೇಡ. ಮೂಗು ಕೆಳಗಾಗಿದ್ದರೆ ಇನ್ನೂ ಹೆಚ್ಚು.

ಆಡುವವಳು: ಅಂದರೆ ಎಲ್ಲಿ ನಿಲ್ಲಬೇಕು ಎಂಬುದೇ ಆಟದ ತಿರುಳಾಗುತ್ತದೆ. ಇಷ್ಟು ದಿನ ನಾವು ಟ್ಯಾಂಕನ್ನು ಗುಡ್ಡದ ಬುಡಕ್ಕೆ ತಂದು ನಿಲ್ಲಿಸಿ ಬಂಕರಿಗೆ ಹೊಡೆಯುತ್ತಿದ್ದೆವು. ಒಂದು ತ್ರಿಕೋನದ ಹಲಗೆ ಮಾಡಿಕೊಂಡರೆ ಸಾಕು, ಟ್ಯಾಂಕಿನ ಮುಂದೆ ಇಟ್ಟು ನೋಡಬಹುದು. ಕಾಲಾಳು ಮತ್ತು ಟ್ಯಾಂಕು ಕೆಲಸ ಹಂಚಿಕೊಳ್ಳಲೇಬೇಕಾಗುತ್ತದೆ: ದೂರದಿಂದ ಇದು, ಹತ್ತಿರದಿಂದ ಅವರು.

ಕಟ್ಟುವವ: ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೋ. 3,500 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 30 ಪ್ರತಿಶತ ಕಡಿಮೆ. ಪೆಟ್ರೋಲ್ ಎಂಜಿನ್ನಿನ ಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇದು ಒಳಾಂಗಣದ ಮಾತಲ್ಲ, ಬಿಡು. ಸಾಮಗ್ರಿಯ ವಿಷಯ ಹೇಳಿ ಮುಗಿಸುತ್ತೇನೆ. ಸ್ಟೈರೀನ್ ಹಾಳೆ ಕಾಲು, ಅರ್ಧ, ಒಂದು ಮಿಲಿಮೀಟರ್ ದಪ್ಪದಲ್ಲಿ ಬೇಕು. ತರಿಸಿದರೆ ದುಬಾರಿ, ಆದರೆ ಸ್ವಲ್ಪವೇ ಸಾಕು. ಹಳೆಯ ಎಟಿಎಂ ಕಾರ್ಡ್ 0.76 ಮಿಲಿಮೀಟರ್ ದಪ್ಪ. ಗೂಡಿನ ಹಲಗೆಗೆ ಬರುತ್ತದೆ. ಅದು ಪಿವಿಸಿ. ಸ್ಟೈರೀನಿಗೆ ಹಾಕುವ ತೆಳು ದ್ರಾವಕದ ಅಂಟನ್ನು ಅದಕ್ಕೆ ನಂಬಬಾರದು, ಸೂಪರ್‌ಗ್ಲೂ ಬೇಕು. ತಂಪುಪಾನೀಯದ ಕ್ಯಾನಿನ ಅಲ್ಯೂಮಿನಿಯಂ ಹಾಳೆ 0.1 ಮಿಲಿಮೀಟರ್. ತೆಳು ತಗಡಿನ ಬ್ರಾಕೆಟ್, ಬೆಲ್ಟಿನ ಕೊಂಡಿ, ಪೆಟ್ಟಿಗೆಯ ಮುಚ್ಚಳಗಳಿಗೆ ಅದಕ್ಕಿಂತ ಒಳ್ಳೆಯದು ಸಿಗದು. ಬ್ರೌನಿಂಗ್ ಮೆಷಿನ್‌ಗನ್ನಿನ ನಳಿಗೆಗೆ 21 ಗೇಜಿನ ಇಂಜೆಕ್ಷನ್ ಸೂಜಿ, ಹೊರವ್ಯಾಸ 0.8 ಮಿಲಿಮೀಟರ್, ತುದಿಯಲ್ಲಿ ತೂತು ತಾನಾಗಿಯೇ ಇರುತ್ತದೆ. ಹೊಸ ಸೂಜಿಯನ್ನೇ ಕೊಳ್ಳಬೇಕು, ಬಳಸಿದ್ದನ್ನು ಮುಟ್ಟಬಾರದು.

ಆಡುವವಳು: ಗುಂಡುಗಳು?

ಕಟ್ಟುವವ: 37 ಮಿಲಿಮೀಟರ್ ಗುಂಡು ಇಲ್ಲಿ 0.66 ಮಿಲಿಮೀಟರ್. ಹಿತ್ತಾಳೆ ತಂತಿಯ ತುಂಡುಗಳು. ನಿಜದ ಟ್ಯಾಂಕಿನಲ್ಲಿ ನೂರಕ್ಕೂ ಹೆಚ್ಚು ಗುಂಡು ಇರುತ್ತಿದ್ದವು. ಅಷ್ಟನ್ನೂ ಹಾಕುವುದಿಲ್ಲ. ಗೂಡಿನಲ್ಲಿ ಸಾಲಾಗಿ ಹಿಂಭಾಗ ಮಾತ್ರ ಕಾಣುವುದರಿಂದ ತಂತಿಯ ಕೊನೆಗಳನ್ನು ಒಟ್ಟಿ ಕಟ್ಟಿ ಅಡ್ಡ ಕತ್ತರಿಸಿದರೆ ಸಾಲು ಸಿದ್ಧ. ಒಂದನ್ನು ಮಾತ್ರ ಪೂರ್ತಿ ಉದ್ದಕ್ಕೆ ಮಾಡಿ ಬಾಗಿದ ಕಮಾಂಡರಿನ ಕೈಗೆ ಕೊಟ್ಟಿದ್ದೇನೆ. ಕಣ್ಣು ಅದನ್ನು ನೋಡಿ ಉಳಿದವೂ ಹಾಗೇ ಇವೆ ಎಂದುಕೊಳ್ಳುತ್ತದೆ.

ಆಡುವವಳು: ಬಣ್ಣ ಹಚ್ಚುವುದು ಮುಚ್ಚುವ ಮೊದಲೇ ತಾನೇ?

ಕಟ್ಟುವವ: ಬೇರೆ ದಾರಿಯೇ ಇಲ್ಲ. ಅಮೆರಿಕದ ಟ್ಯಾಂಕುಗಳ ಒಳಗೆ ಬಿಳಿ ಬಣ್ಣ ಇರುತ್ತಿತ್ತು. ಮುಚ್ಚಳ ಹಾಕಿದರೆ ಉಳಿಯುವುದು ಒಂದೆರಡು ಪುಟ್ಟ ಬಲ್ಬು. ಆ ಬೆಳಕು ಗೋಡೆಗೆ ಬಡಿದು ಹರಡಬೇಕು. ಆದರೆ ಹ್ಯಾಚುಗಳ ಒಳಮೈ ಬಿಳಿಯಲ್ಲ, ಹೊರಗಿನ ಹಸಿರೇ. ತೆರೆದಾಗ ಬಿಳಿ ಮಿಂಚಿದರೆ ಎದುರಾಳಿಗೆ ಗುರಿ ಸಿಕ್ಕ ಹಾಗೆ. ಒಳಗೆಲ್ಲ ಬಿಳಿ, ಮುಚ್ಚಳ ಮಾತ್ರ ಹಸಿರು ಎಂದು ಮಾದರಿ ಮಾಡುವವರಿಗೆ ಗೊತ್ತಿರುತ್ತದೆ. ಯಾಕೆ ಎಂದು ತಿಳಿದ ಮೇಲೆ ಆ ಎರಡು ಬಣ್ಣದ ಗಡಿಯನ್ನು ಎಲ್ಲಿ ಎಳೆಯಬೇಕೆಂದು ಕೈಗೇ ಗೊತ್ತಾಗುತ್ತದೆ.

ಆಡುವವಳು: ಅಚ್ಚ ಬಿಳಿ ಹಚ್ಚಿದರೆ ಆಸ್ಪತ್ರೆ ಗೋಡೆಯ ಹಾಗೆ ಕಾಣದೇ?

ಕಟ್ಟುವವ: ಅಚ್ಚ ಬಿಳಿ ಹಚ್ಚಲೇಬಾರದು. ಒಂದು ಹನಿ ಮಣ್ಣಿನ ಬಣ್ಣ ಬೆರೆಸಬೇಕು. ಒಣಗಿದ ಮೇಲೆ ಎಣ್ಣೆ ಬಣ್ಣದ ಕಂದನ್ನು ನೀರಾಗಿ ತೆಳು ಮಾಡಿ ಮೂಲೆಗಳಿಗೆ ಇಳಿಸಬೇಕು. ಬಣ್ಣ ಸವೆಯುವುದು ಮನುಷ್ಯ ಮುಟ್ಟುವ ಕಡೆ. ಹ್ಯಾಚಿನಿಂದ ಇಳಿಯುವಾಗ ಬೂಟು ತಾಗುವ ಅಂಚು, ಸೀಟಿನ ಪಕ್ಕ ಕೈ ಊರುವ ಜಾಗ, ಗುಂಡು ಎಳೆಯುವ ಗೂಡಿನ ಬಾಯಿ. ಅಲ್ಲಿ ಸ್ಪಂಜಿನ ತುಣುಕಿನಿಂದ ಉಕ್ಕಿನ ಬಣ್ಣ ಮುಟ್ಟಿಸುತ್ತೇನೆ. ಉಳಿದ ಕಡೆ ಮುಟ್ಟುವುದಿಲ್ಲ. ಎಲ್ಲೆಡೆ ಒಂದೇ ಸಮ ಗೀರು ಹಾಕುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಸವೆತ ಅಂದರೆ ಒಬ್ಬ ಮನುಷ್ಯನ ಅಭ್ಯಾಸದ ಗುರುತು. ನೆಲಕ್ಕೆ ಕಪ್ಪು ಕಂದು, ಮೇಲೆ ಸ್ವಲ್ಪ ಹೊಳಪಿನ ವಾರ್ನಿಷ್. ಬೂಟಿಗೆ ಅಂಟಿದ ಹಿಮ ಒಳಗೆ ಬಂದು ಕರಗಿದ ನೀರು ಅದು. ಟರೆಟ್ಟಿನ ಹಿಂದೆ ಬ್ರಿಟಿಷ್ ಮಾದರಿಯ 19ನೇ ನಂಬರಿನ ವೈರ್‌ಲೆಸ್ ಸೆಟ್. ಅದರ ತಂತಿ ಕಮಾಂಡರಿನ ಕಿವಿಗೆ.

ಆಡುವವಳು: ಮುಚ್ಚಿದ ಮೇಲೆ ಒಳಗೆ ಏನಾದರೂ ಕೆಟ್ಟರೆ?

ಕಟ್ಟುವವ: ಹೊಟ್ಟೆಯಲ್ಲಿ, ಮೇಜಿಗೆ ತಾಗುವ ಕಡೆ, ಒಂದೆರಡು ತೂತು ಬಿಡಬೇಕು. ಸೂಪರ್‌ಗ್ಲೂ ಆವಿ ಮುಚ್ಚಿದ ಡಬ್ಬದಲ್ಲಿ ನಿಂತರೆ ಬಣ್ಣದ ಮೇಲೆ ಬೂದು ಹಿಡಿದ ಹಾಗೆ ಪೊರೆ ಕಟ್ಟುತ್ತದೆ. ದ್ರಾವಕದ ಅಂಟು ಒಳಗೇ ಸಿಕ್ಕಿಬಿದ್ದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಗಾಳಿಯಾಡಲು ಬಿಟ್ಟರೆ ಎರಡೂ ಇಲ್ಲ.

ಆಡುವವಳು: ಒಂದು ಮಾತು ಕೇಳಬೇಕು. ಇಷ್ಟು ಹೊತ್ತು ನೀನು ಆ ನಾಲ್ವರ ಬಗ್ಗೆ ಮಾತಾಡುತ್ತಿದ್ದೀಯ. ಅವರು ನಿಜವಾಗಿ ಇದ್ದವರು. ಅವರ ಎದುರಿಗೆ ಬಂಕರಿನಲ್ಲಿ ಕೂತವರೂ ಇದ್ದವರೇ. ನಾವು ದಾಳ ಉರುಳಿಸಿ ಅವರನ್ನು ಬೀಳಿಸುತ್ತೇವೆ. ಟ್ಯಾಂಕು ಬರೀ ಒಂದು ಆಕಾರವಾಗಿದ್ದಾಗ ನನಗೆ ಇದು ಚುಚ್ಚುತ್ತಿರಲಿಲ್ಲ. ಒಳಗೆ ಜನರನ್ನು ಕೂರಿಸಿ ನೀನು ಅದನ್ನು ಕಷ್ಟ ಮಾಡಿದೆ.

ಕಟ್ಟುವವ: ಕಷ್ಟವಾಗಬೇಕು ಎಂದೇ ನನ್ನ ಅನಿಸಿಕೆ. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ತವರದ ಸೈನಿಕರ ಆಟದ ನಿಯಮ ಬರೆದರು, ಸ್ಪ್ರಿಂಗ್ ಫಿರಂಗಿಯಿಂದ ಗುಂಡು ಹಾರಿಸುವ ಆಟ. ಪುಸ್ತಕದ ಕೊನೆಗೆ ಅವರ ವಾದ ಏನೆಂದರೆ, ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧ ಎಂಥ ಎಡವಟ್ಟಿನ ಕೆಲಸ ಎಂದು ಮನದಟ್ಟಾಗುತ್ತದೆ. ಮರುವರ್ಷವೇ ಮಹಾಯುದ್ಧ ಬಂತು. ಆಟ ಯಾವ ಯುದ್ಧವನ್ನೂ ತಡೆಯುವುದಿಲ್ಲ. ಆದರೆ ಟ್ಯಾಂಕು ಉರಿಯಿತು ಎಂದು ಹತ್ತಿಯ ಹೊಗೆ ಇಡುವಾಗ, ಮುಂದೆ ಕೂತ ಇಬ್ಬರಿಗೆ ಹ್ಯಾಚ್ ತೆರೆಯಲು ಮೇಲಿನ ನಳಿಗೆ ಅಡ್ಡವಿತ್ತೋ ಇಲ್ಲವೋ ಎಂದು ನೋಡುವಷ್ಟಾದರೂ ನಾವು ನಿಲ್ಲಬೇಕು. ಅದಕ್ಕೆ ಒಳಗು ಬೇಕು.

ಆಡುವವಳು: ಟ್ಯಾಂಕು ಹೋದರೂ ಒಳಗಿದ್ದವರು ಉಳಿದರೋ ಎಂದು ಬೇರೆ ದಾಳ ಹಾಕಬಹುದು. ಉಳಿದವರನ್ನು ಹಿಂದಕ್ಕೆ ಕರೆತಂದರೆ ಅಂಕ. ಹಾಗೆ ಆಡಿದರೆ ಟ್ಯಾಂಕನ್ನು ಸುಮ್ಮನೆ ಮುನ್ನುಗ್ಗಿಸುವುದು ಕಡಿಮೆಯಾಗುತ್ತದೆ. ಇದನ್ನು ನಾನು ನಿಯಮದಲ್ಲಿ ಸೇರಿಸುತ್ತೇನೆ. ಇನ್ನೊಂದು ಯೋಚನೆ. ಜೋಜಿ ಲಾ ಆಟವನ್ನು ಎಲ್ಲರೂ ಕಣಿವೆಯಿಂದ ಶುರು ಮಾಡುತ್ತಾರೆ, ನವೆಂಬರ್ ಒಂದರಿಂದ. ಅಲ್ಲಿಂದ ಗುಮ್ರಿ, ಮಟಾಯನ್, ದ್ರಾಸ್, ತಿಂಗಳ ಕೊನೆಯ ವಾರಕ್ಕೆ ಕಾರ್ಗಿಲ್. ಅದಕ್ಕೂ ಮೊದಲಿನದನ್ನು ಯಾರೂ ಆಡುವುದಿಲ್ಲ. ಟರೆಟ್ ಬಿಚ್ಚಿದ ಟ್ಯಾಂಕುಗಳನ್ನು ಸೇತುವೆ ದಾಟಿಸುವುದು.

ಕಟ್ಟುವವ: ಟರೆಟ್ ಇಲ್ಲದ ಸ್ಟುವರ್ಟ್!

ಆಡುವವಳು: ಮೇಲೆ 21 ಮಿಲಿಮೀಟರ್ ತೂತು, ಬುಟ್ಟಿಯೂ ಇಲ್ಲ. ನೀನು ಕಟ್ಟಿದ್ದೆಲ್ಲ ಅಲ್ಲಿಂದ ಕಾಣುತ್ತದೆ, ಮೂರಡಿಯಿಂದಲೂ. ಶಾಫ್ಟ್, ಚಾಲಕನ ಬೆನ್ನು, ಗೂಡು, ಎಲ್ಲ.

ಕಟ್ಟುವವ: ಗುಟ್ಟಾಗಿ ಸಾಗಿಸಿದ್ದು. ಮೇಲೆ ಟಾರ್ಪಾಲಿನ್ ಇರಬೇಕು.

ಆಡುವವಳು: ಸೇತುವೆಯ ಹತ್ತಿರ ಬಂದಾಗ ತೆಗೆಯಲಿ. ಟಾರ್ಪಾಲಿನನ್ನು ಅಂಟಿಸಬೇಡ.

ಕಟ್ಟುವವ: ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಟ್ಯಾಂಕಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ ಅದರ ಮೇಲೆ ಒಣಗಿಸಿದರೆ ಆಕಾರ ಹಿಡಿಯುತ್ತದೆ, ಬೇಕಾದಾಗ ಎತ್ತಬಹುದು. ನಿಯಮ ಏನು ಮಾಡುತ್ತೀಯ? ಟರೆಟ್ಟಿಲ್ಲದ ಟ್ಯಾಂಕು ಹೋರಾಡಲಾರದು.

ಆಡುವವಳು: ಹೋರಾಟವೇ ಬೇಡ. ಸಮಯ ಮತ್ತು ಭಾರದ ಆಟ. ಒಬ್ಬ ಆಟಗಾರ ಕ್ಯಾವಲ್ರಿ, ಇನ್ನೊಬ್ಬ ಸ್ಯಾಪರ್, ಮೂರನೆಯ ಕೈಯಲ್ಲಿ ಹವಾಮಾನದ ಚೀಟಿಗಳು. ಟರೆಟ್ ಬಿಚ್ಚಿದಷ್ಟೂ ಸೇತುವೆ ಉಳಿಯುತ್ತದೆ, ಆದರೆ ಮತ್ತೆ ಜೋಡಿಸಲು ಹೊತ್ತು ಹಿಡಿಯುತ್ತದೆ. ಚಾಲಕನ ಬೊಂಬೆ ತಲೆ ಹೊರಗಿಟ್ಟಿರಲಿ, ದಾರಿ ತೋರಿಸುವವನು ಮುಂದೆ ನಡೆಯಲಿ. ಸೇತುವೆಯನ್ನು ನಾನು ಕಟ್ಟುತ್ತೇನೆ. ಹಲಗೆಗೆ ಐಸ್‌ಕ್ರೀಮ್ ಕಡ್ಡಿ ಸಾಕಲ್ಲ?

ಕಟ್ಟುವವ: ಅದು ಎರಡು ಮಿಲಿಮೀಟರ್ ದಪ್ಪ. 11 ಸೆಂಟಿಮೀಟರ್ ಹಲಗೆ ಹಾಕಿದ ಸೇತುವೆಯಾದರೆ ಟರೆಟ್ ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ. ಅದನ್ನು ನಡುವೆ ಸೀಳು, ಇಲ್ಲವೇ ಕಾಫಿ ಕಲಕುವ ತೆಳು ಕಡ್ಡಿ ತಾ.

ಆಡುವವಳು: ಸೀಳುತ್ತೇನೆ. ಕೆಳಗಿನ ತೊಲೆ ಎಷ್ಟು ದಪ್ಪ ಇರಲಿ?